ಎರಡು ತಿಂಗಳಿಗೊಮ್ಮೆ ದೇಶ ಬಿಡುವ ಬಾಣಂತನ

ಬಾಣಂತನ ಮಾಡಲು ಹೋದವರು ಬಾಣಂತಿಯನ್ನು ಬಿಟ್ಟು ದೇಶದಿಂದಲೇ ಓಡಿಹೋಗಿ, ಮತ್ತೆ ಅದೇ ಬಾಗಿಲಿಂದ ಒಳಗೆ ಬರುವುದನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ನಮ್ಮ ಸೋದರಮಾವ! ದಪ್ಪ ಮೀಸೆಯ, ರಿಟೈರಾದ ಬಸ್ ಕಂಡಕ್ಟರ್!

ಅತ್ತೆ ತೀರಿಕೊಂಡು ಬಹಳ ವರ್ಷವಾಯಿತು. ಇರುವವಳು ಒಬ್ಬಳೇ ಮಗಳು. ಗಂಡನ ಜೊತೆ ಥಾಯ್ಲೆಂಡಿನಲ್ಲಿದ್ದಾಳೆ, ಅಲ್ಲೊಂದು ಶಾಲೆಯಲ್ಲಿ ಟೀಚರು. ಅವಳಿಗೆ ದಿನ ತುಂಬುತ್ತಾ ಬಂದಾಗ ಮಾವ ಮೊಳಕಾಲ್ಮುರಿನಿಂದ ಚಳ್ಳಕೆರೆಯ ನಮ್ಮ ಮನೆಗೆ ಬಂದು ಸಾರಿಬಿಟ್ಟ.

"ಐದು ತಿಂಗ್ಳ ಬಾಣಂತನ ನಾನೇ ಮಾಡ್ತೀನಿ."

"ಅದೆಲ್ಲ ನಿನಗೇನು ಬರ್ತೈತೆ ಮಾವ?"

"ಐವತ್ತು ಸೀಟಿನ ಬಸ್ಸಲ್ಲಿ ನೂರು ಜನಾನ ಸಂಬಾಳಿಸಿದೋನು. ಒಂದು ಕೂಸು ನನಗೆ ಹೆಚ್ಚಾಗ್ತೈತೇನವ್ವ?"

ಸರಿ, ನಮ್ಮ ಮನೆಯಲ್ಲೇ ತರಬೇತಿ ಶುರುವಾಯಿತು. ಬಚ್ಚಲಲ್ಲಿ ಕಾಲು ಚಾಚಿ ಕೂತು, ಕಾಲ ಮೇಲೆ ನನ್ನ ದಿಂಬು ಮಲಗಿಸಿಕೊಂಡು, ಹರಳೆಣ್ಣೆ ತಿಕ್ಕಿ, ಬಿಸಿನೀರು ಹಾಕಿದ! ದಿಂಬು ಒಣಗಿತು, ಎಣ್ಣೆ ವಾಸನೆ ಹೋಗಲಿಲ್ಲ. ನಮ್ಮೂರ ಬಿಸಿಲಿಗಾದರೂ ಬರವಿಲ್ಲವಲ್ಲ, ಅದೂ ನಮ್ಮ ಸೀಮೆಯ ದೇವರು ತಿಪ್ಪೇಸ್ವಾಮಿಯ ದಯೆ ಎಂದುಕೊಂಡೆ.

ನನ್ನ ತಲೆ ಕೆಟ್ಟಿದ್ದು ವೀಸಾದ ಲೆಕ್ಕ ಕೇಳಿ. ಅಲ್ಲಿಗೆ ಹೋಗಲು ನಮ್ಮವರಿಗೆ ವೀಸಾನೇ ಬೇಡವಂತೆ, ಎರಡು ತಿಂಗಳು ಇರಬಹುದಂತೆ. ಆಮೇಲೆ? ಪಕ್ಕದ ದೇಶಕ್ಕೆ ಕಾಲಿಟ್ಟು ತಿರುಗಿ ಬಂದರೆ ಇನ್ನೆರಡು ತಿಂಗಳಂತೆ! ಹೊರಗೆ ಹೋದವನೂ ಅದೇ ಮನುಷ್ಯ, ಒಳಗೆ ಬಂದವನೂ ಅದೇ ಮನುಷ್ಯ. ನಡುವೆ ಬದಲಾಗಿದ್ದು ಏನು?

ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತದೆ ಬಿಡಿಸಿ ಹೇಳಿದರು. "ಮದುವೆಯಾದ ವರ್ಷ ಆಷಾಢಕ್ಕೆ ನಿನ್ನ ತವರಿಗೆ ಕಳಿಸಿ ಮತ್ತೆ ಕರ್ಕೊಂಡು ಬರ್ಲಿಲ್ವಾ? ಹಂಗೇ."

"ಆಗ ನಾನೇನು ಬದಲಾಗಿ ಬಂದಿದ್ನಾ?"

"ಹಂಗಂತ ಆಸೆ ಇಟ್ಕೊಂಡಿದ್ವಿ."

ಮಾವನಿಗೆ ಮಾತ್ರ ಯಾವ ಗೊಂದಲವೂ ಇರಲಿಲ್ಲ. ರಾಂಪುರ ದಾಟಿ ಬಳ್ಳಾರಿಗೆ ಹೋಗುವಾಗ ನಡುವೆ ಒಂದಿಷ್ಟು ದೂರ ಆಂಧ್ರ ಬಂದು ಹೋಗುತ್ತದಲ್ಲ, ಅವನ ನೌಕರಿಯೆಲ್ಲ ಆ ದಾರಿಯಲ್ಲೇ ಕಳೆದಿತ್ತು. "ಗಡಿ ನನಗೇನು ಹೊಸದಾ? ಬಸ್ಸಲ್ಲಿ ತೂಕಡಿಸೋ ಮುದುಕಿ ಕಣ್ಣು ಬಿಡೋದ್ರೊಳಗೆ ಇನ್ನೊಂದು ರಾಜ್ಯ ಮುಟ್ಟಿ ಬಂದಿರ್ತಿದ್ದೆ!"

ಹೊರಟ ದಿನ ಬೀದಿ ತುದಿ ಮುಟ್ಟಿದವನು ಎಣ್ಣೆ ಬಾಟ್ಲಿ ಮರೆತೆನೆಂದು ವಾಪಸು ಓಡಿಬಂದ. ನಾನು ಬಿಡುತ್ತೇನೆಯೇ? ಹೊರಟವರು ಅರ್ಧಕ್ಕೆ ಹಿಂದಿರುಗಿದರೆ ಕೂತು ನೀರು ಕುಡಿದೇ ಹೋಗಬೇಕು, ಇಲ್ಲದಿದ್ದರೆ ಹೊರಟ ಕೆಲಸ ಕೈಗೂಡುವುದಿಲ್ಲ. ಜಗಲಿಯ ಮೇಲೆ ಕೂರಿಸಿ ನೀರು ಕುಡಿಸಿ ಕಳಿಸಿದೆ.

ಮೊಮ್ಮಗಳು ಹುಟ್ಟಿದಳು. ಮಾವ ವಿಡಿಯೋ ಕಾಲಿನಲ್ಲಿ ಕೂಸಿಗೆ ನೀರು ಹಾಕಿ ತೋರಿಸಿದ. ದಿಂಬಿಗಿಂತ ಎಷ್ಟೋ ನಾಜೂಕಾಗಿ ಹಾಕಿದ, ಸುಳ್ಳು ಹೇಳಬಾರದು.

ಎರಡು ತಿಂಗಳು ಮುಗಿದಾಗ ಅಳಿಯ ಅವನನ್ನು ಲಾವೋಸ್ ಗಡಿಗೆ ಬಸ್ ಹತ್ತಿಸಿದ. ದೊಡ್ಡ ನದಿಯಂತೆ, ಮೇಲೊಂದು ಸೇತುವೆಯಂತೆ. ಮಾವ ಆಚೆ ದೇಶಕ್ಕೆ ಹೋದ, ಠಸ್ಸೆ ಹಾಕಿಸಿಕೊಂಡ, ತಿರುಗಿದ. ಆಗ ನನ್ನ ಮಾತು ನೆನಪಾಯಿತಂತೆ. ಹೊರಟವನು ವಾಪಸು ಹೋಗುತ್ತಿದ್ದೇನಲ್ಲ! ಜನರ ಸಾಲಿನ ಪಕ್ಕದಲ್ಲೇ ನೆಲದ ಮೇಲೆ ಚಕ್ಕಳಬಕ್ಕಳ ಹಾಕಿ ಕೂತು, ನಿಧಾನಕ್ಕೆ ನೀರು ಕುಡಿದು, ಎದ್ದು ಸಾಲಿಗೆ ಸೇರಿದ. ಈಚೆ ದೇಶದ ಅಧಿಕಾರಿಯ ಮುಂದೆ ನಿಂತು "ಏಮಯ್ಯಾ, ಬಾಗುನ್ನಾವಾ?" ಎಂದ.

"ಅಯ್ಯೋ ಮಾವ, ಚೆನ್ನಾಗಿದೀಯಾ ಅಂತ ಅಲ್ಲಿ ತೆಲುಗಲ್ಲಿ ಯಾಕೆ ಕೇಳ್ದೆ?" ಫೋನಿನಲ್ಲಿ ಕೇಳಿದೆ.

"ಗಡಿ ಅಂದ್ಮೇಲೆ ತೆಲುಗು ನಡೀದೆ ಇರ್ತೈತಾ? ಅವನು ನಕ್ಕ, ಠಸ್ಸೆ ಹೊಡೆದ. ಅರ್ಥ ಆಗ್ದೇ ಹೊಡೀತಾನಾ?"

ದೇವರು ಕಾಯುವುದಾದರೆ ಯಾವ ಭಾಷೆಯಾದರೇನು!

ಮತ್ತೆರಡು ತಿಂಗಳು ಕಳೆಯಿತು. ಈ ಸಲ ಅಳಿಯ ಸಾವಿರ ಸಲ ಹೇಳಿ ಕಳಿಸಿದ್ದ. "ಮಾವ, ಪದೇ ಪದೇ ಬರೋರು ಕದ್ದು ಕೆಲಸ ಮಾಡ್ತಾರೆ ಅಂತ ಅವರಿಗೆ ಅನುಮಾನ. ಊರು ನೋಡಾಕೆ ಬಂದೀನಿ ಅನ್ರಿ, ಸಾಕು." ಆದರೆ ಲಾವೋಸ್ ಮುಟ್ಟಿ ತಿರುಗಿದಾಗ ಸಿಕ್ಕ ಅಧಿಕಾರಿ ಬೇರೆಯವನು. ಪಾಸ್‌ಪೋರ್ಟ್ ತಿರುವಿ ತಿರುವಿ ನೋಡಿ, ಅವನ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳುವ ಫೋನು ಹಿಡಿದು ಕೇಳಿದ: ಇಲ್ಲೇನಾದರೂ ಕೆಲಸ ಮಾಡುತ್ತೀಯಾ?

ನಮ್ಮ ಮಾವನಿಗೆ ಸುಮ್ಮನಿರಲು ಬರುತ್ತದೆಯೇ? "ಕೆಲಸಾನಾ? ಬೆಳಗಿಂದ ಸಂಜೆ ತನಕ ಪುರಸೊತ್ತಿಲ್ಲ ಸ್ವಾಮಿ!"

ಫೋನು ಅದನ್ನೂ ಚಾಚೂತಪ್ಪದೆ ಹೇಳಿತು. ಅಧಿಕಾರಿ ಮುಖ ಗಂಟಿಕ್ಕಿದಾಗ ಮಾವನಿಗೆ ಎಡವಟ್ಟಾಗಿದ್ದು ತಿಳಿಯಿತು. ಎಂಥ ಕೆಲಸವೆಂದು ತೋರಿಸಿಬಿಡೋಣ ಎಂದು ಅಲ್ಲೇ ನೆಲದ ಮೇಲೆ ಕಾಲು ಚಾಚಿ ಕೂತ. ಕೈಚೀಲವನ್ನು ಕಾಲ ಮೇಲೆ ಮಲಗಿಸಿಕೊಂಡ. ಎಣ್ಣೆ ತಿಕ್ಕಿದ, ಮೂಗಿಗೆ ಕೈ ಅಡ್ಡ ಹಿಡಿದು ಇಲ್ಲದ ನೀರು ಹಾಕಿದ, ಸೆರಗಿಲ್ಲದವನು ಟವೆಲಿನಿಂದ ಒರೆಸಿ, ಚೀಲವನ್ನು ಎದೆಗೆ ಒರಗಿಸಿಕೊಂಡು ಬೆನ್ನು ತಟ್ಟಿದ. ಸಾಲಿನಲ್ಲಿದ್ದವರೆಲ್ಲ ನಕ್ಕರಂತೆ. ಅಧಿಕಾರಿ ಕೈ ಹಿಡಿದು ಎಬ್ಬಿಸಿದನಂತೆ. ಆದರೆ ಒಳಗೆ ಬಿಡಲಿಲ್ಲ.

ಯಾರನ್ನು ಬೈಯಬೇಕೋ ನನಗೆ ತಿಳಿಯಲಿಲ್ಲ. ಆ ಅಧಿಕಾರಿಯನ್ನೇ? ಅವನ ಕೆಲಸ ಅವನು ಮಾಡಿದ. ಮಾವನನ್ನೇ? ಅವನು ಹೇಳಿದ್ದು ನಿಜ. ಮಗಳಿಗೊಂದು ಮಾತು ಹೇಳಿ ಬರಲೂ ಆಗದೆ, ಅಳಿಯ ಫೋನಿನಲ್ಲೇ ಕಳಿಸಿದ ಟಿಕೆಟ್ಟು ಹಿಡಿದು, ಮಾವ ಲಾವೋಸಿನಿಂದಲೇ ವಿಮಾನ ಹತ್ತಿದ.

ನಮ್ಮ ಮನೆಗೆ ಬಂದಾಗ ಕೈಯಲ್ಲಿದ್ದದ್ದು ಅದೊಂದೇ ಚೀಲ. ಹೊಸ್ತಿಲವರೆಗೆ ಬಂದವನು ಒಳಗೆ ಬರಲಿಲ್ಲ, ಜಗಲಿಯ ಮೇಲೆ ಕೂತ.

"ಮನೆಗೇ ಬಂದೀಯಲ್ಲ ಮಾವ, ಒಳಗೆ ಬಾ."

"ನೀರು ಕೊಡವ್ವ."

"ಒಳಗೆ ಬಾ, ಕಾಫೀನೇ ಮಾಡ್ತೀನಿ."

"ಬ್ಯಾಡ. ಕೂಸು ಇನ್ನೂ ಬೋರಲು ಬಿದ್ದಿಲ್ಲ ಕಣವ್ವ. ನಾನು ಬಂದಿಲ್ಲ, ಹೊರಟೋನು ಅರ್ಧಕ್ಕೆ ತಿರುಗೀನಿ. ನೀರು ಕೊಡು."

ದೇವರ ಮುಂದಿಟ್ಟಿದ್ದ ತಂಬಿಗೆಯನ್ನೇ ತಂದುಕೊಟ್ಟೆ. ಮಾವ ಅವಸರವಿಲ್ಲದೆ, ಒಂದು ಹನಿಯೂ ಚೆಲ್ಲದಂತೆ, ಪೂರ್ತಿ ಕುಡಿದ.