ಹಾವಗೆಪ್ಪನ ಹದಿನಾರಾಣೆ ಪಿಚ್ಚರ್

ಭಾಲ್ಕಿಯಲ್ಲಿ ಸಿನಿಮಾಗಳ ಬಗ್ಗೆ ಅಭಿಪ್ರಾಯ ಕೊಡುವ ಜಹಗೀರು ಇದ್ದದ್ದು ಒಬ್ಬನಿಗೇ, ಸೂಜಿದಾರದ ಅಂಗಡಿಯ ಹಾವಗೆಪ್ಪನಿಗೆ. ಉಳಿದ ಜಹಗೀರುಗಳೆಲ್ಲ ನಿಜಾಮರ ಜೊತೆಗೇ ಹೋದವು. ಇದನ್ನು ಕಿತ್ತುಕೊಳ್ಳಲು ಯಾವ ಸರ್ಕಾರಕ್ಕೂ ತೋಚಲಿಲ್ಲ. ತಿಂಗಳಿಗೊಮ್ಮೆ ಮಾಲು ತರಲು ರೈಲು ಹತ್ತಿ ಬೀದರಿಗೆ ಹೋಗುವನು, ಟಾಕೀಸಿನಲ್ಲಿ ಮಧ್ಯಾಹ್ನದ ಆಟಕ್ಕೆ ಕೂರುವನು, ಸಂಜೆಯ ಗಾಡಿಗೆ ಮರಳುವನು. ಮರುದಿನ ಊಟವಾದ ಮೇಲೆ ಹಿತ್ತಿಲಲ್ಲಿ ದರ್ಬಾರು. ಕೇಳುವವರು ಮೂವರು: ಹೆಂಡತಿ ಸುಂದರಬಾಯಿ, ಕಿವಿ ಮಂದವಾದ ತಾಯಿ ಗುರಮ್ಮ, ಮತ್ತು ಎದೆಮಟ್ಟದ ಗೋಡೆಯ ಆಚೆ ಕಣ್ಣಿಗೆ ಬೀಳದಂತೆ ಕೂತ ಪಕ್ಕದ ಮನೆಯ ಮಹಮೂದಾ ಬೇಗಂ.

ಪಿಚ್ಚರ್ ಅಳೆಯಲು ಹಾವಗೆಪ್ಪನ ಹತ್ತಿರ ಆಣೆಯ ಲೆಕ್ಕವಿತ್ತು, ಹದಿನಾರಾಣೆಗೆ ಪೂರ್ತಿ ರೂಪಾಯಿ. ದೇವರ ಪಿಚ್ಚರಿಗೆ ಹತ್ತಾಣೆ (ದೇವರು ಪ್ರತ್ಯಕ್ಷನಾಗುವುದು ತಡವಾಯಿತೆಂದು ಆರಾಣೆ ಕಡಿತ). ಮೋರೆಗೆ ಬಟ್ಟೆ ಕಟ್ಟಿಕೊಂಡ ಹೆಣ್ಣು ಚಾಟಿ ಬೀಸಿ ಓಡುವ ರೈಲಿಗೆ ಹಾರುವ ಪಿಚ್ಚರಿಗೆ ಹನ್ನೆರಡಾಣೆ. ದೆವ್ವದ ಪಿಚ್ಚರಿಗೆ ಎಂಟು, ಯಾಕೆಂದರೆ ದೆವ್ವದ ನಡಿಗೆ ಕಂದಾಯ ಕೇಳಲು ಬರುವ ಭಾಲ್ಕಿಯ ಪಟವಾರಿಯ ನಡಿಗೆಯಂತಿತ್ತು.

ಇಷ್ಟೆಲ್ಲ ಹೇಳುವ ಮನುಷ್ಯ ಒಂದು ಪಿಚ್ಚರನ್ನೂ ಪೂರ್ತಿ ನೋಡಿದವನಲ್ಲ. ಟಾಕೀಸಿನ ದೀಪ ಆರಿದ ಕಾಲು ತಾಸಿಗೆ ಅವನ ಗದ್ದ ಎದೆಗೆ ತಾಗುತ್ತಿತ್ತು. ಮೊದಲೆಲ್ಲ ಇದರಿಂದ ತೊಂದರೆ ಇರಲಿಲ್ಲ. ಪಕ್ಕದ ಮನೆಯ ದರ್ಜಿ ಜಹೀರೋದ್ದೀನ, ಅಂದರೆ ಮಹಮೂದಾ ಬೇಗಮಳ ಗಂಡ, ದಾರ ತರುವ ನೆಪದಲ್ಲಿ ಜೊತೆಗೆ ಬರುತ್ತಿದ್ದ. ಆಟ ಮುಗಿದಾಗ ಗೆಳೆಯನನ್ನು ತಿವಿದು ಎಬ್ಬಿಸಿ, ಗಾಡಿ ಭಾಲ್ಕಿ ಮುಟ್ಟುವುದರೊಳಗೆ ಇಡೀ ಕತೆಯನ್ನು ಹಾಡು, ಕುಣಿತ, ಕತ್ತಿವರಸೆ ಸಮೇತ ಹೇಳಿ ಮುಗಿಸುತ್ತಿದ್ದ. ಹಾವಗೆಪ್ಪ ಮರುದಿನ ಅದನ್ನೇ ತಾನು ಕಂಡದ್ದೆಂದು ಹೇಳಿ ಮೇಲೆ ಆಣೆ ಸೇರಿಸುತ್ತಿದ್ದ.

ನಿಜಾಮರ ರಾಜ್ಯಕ್ಕೆ ದಿಲ್ಲಿಯ ದಂಡು ನುಗ್ಗಿ ಪೋಲೀಸ್ ಆಕ್ಷನ್ ಆದ ಭಾದ್ರಪದದಲ್ಲಿ ಜಹೀರೋದ್ದೀನ ತಂಗಿಯನ್ನು ಕರೆತರಲು ಔರಾದ ಕಡೆಯ ಠಾಣಾ ಕುಶನೂರಿಗೆ ಹೋದ. ಎಂಟು ದಿನಕ್ಕೆ ತಂಗಿ ಯಾರದೋ ಬಂಡಿಯಲ್ಲಿ ತಾನೇ ಬಂದಳು. ಅಣ್ಣ ಅಲ್ಲಿಗೆ ಬರಲೇ ಇಲ್ಲ, ಎಂದಳು. ಆ ದಿನಗಳಲ್ಲಿ ಎಷ್ಟೋ ಜನ ಹಾಗೆ ಹೋದವರು ಹೋದರು. ಯಾರೂ ಯಾರನ್ನೂ ಕೇಳುತ್ತಿರಲಿಲ್ಲ, ಕೇಳಿದರೂ ಹೇಳುತ್ತಿರಲಿಲ್ಲ. ಎರಡು ವರ್ಷ ಕಳೆಯಿತು. ಹಾವಗೆಪ್ಪ ಹೊಲಿಯಲು ಕೊಟ್ಟ ಅಂಗಿ ಒಂದು ತೋಳಿನದಾಗಿ ಇನ್ನೂ ಆ ಮನೆಯ ಹೊಲಿಗೆ ಯಂತ್ರದ ಮೇಲೇ ಇತ್ತು. ಅದನ್ನು ಕೇಳಲು ಅವನಿಗೆ ಬಾಯಿ ಬರಲಿಲ್ಲ.

ಜಹೀರೋದ್ದೀನ ಕಾಣೆಯಾದ ಮರುತಿಂಗಳೇ ಬೀದರಿಗೆ ಒಬ್ಬನೇ ಹೋಗಿ, ಎಂದಿನಂತೆ ಮಲಗಿ, ಕತೆ ಸಿಗದೆ ಬರಿಗೈಯಲ್ಲಿ ಬಂದು ಹಿತ್ತಿಲಲ್ಲಿ ಕೂತನಲ್ಲ, ಅಂದು ಮೊದಲ ಸಲ ಕತೆಯನ್ನು ತಾನೇ ಕಟ್ಟಬೇಕಾಯಿತು. ಬಾಯಿಗೆ ಬಂದದ್ದು ಹೇಳುತ್ತ, ಊರು ಬಿಟ್ಟು ಹೋದ ಗಂಡ ಎಂಬಲ್ಲಿಗೆ ತಲುಪಿದ. ಗೋಡೆಯ ಆಚೆ ಜೋಳ ಹಸನು ಮಾಡುತ್ತಿದ್ದ ಮೊರದ ಸದ್ದು ನಿಂತಿತು. ಹಾವಗೆಪ್ಪ ಗಡಬಡಿಸಿ ಕತೆಯ ಗಂಡನನ್ನು ಮನೆಗೆ ಕರೆತಂದ. ಮೊರ ಮತ್ತೆ ಸದ್ದು ಮಾಡಿತು.

ಅಂದಿನಿಂದ ಹಾವಗೆಪ್ಪನ ಎಲ್ಲ ಪಿಚ್ಚರಿನಲ್ಲೂ ಗಂಡಂದಿರು ಮರಳತೊಡಗಿದರು. ಚಾಟಿಯ ಹೆಣ್ಣಿಗೆ ಗಂಡ ಸಿಕ್ಕ. ದೆವ್ವವೇ ಕಡೆಗೆ ಗಂಡನೆಂದು ತಿಳಿಯಿತು. ದೇವರ ಪಿಚ್ಚರಿನಲ್ಲಿ ದೇವರೇ ಕೈಹಿಡಿದು ತಂದು ಬಿಟ್ಟು ಹೋದ.

"ಏನ್ರಿ," ಎಂದಳು ಒಮ್ಮೆ ಸುಂದರಬಾಯಿ, "ಮನ್ಯಾಗ ಕಂದೀಲ ಸಣ್ಣದು ಮಾಡಿದ್ರ ಗೊರಕಿ ಹೊಡಿತೀರಿ. ಅಲ್ಲಿ ಕತ್ತಲ್ದಾಗ ಮೂರು ತಾಸು ಎಚ್ಚರ ಹ್ಯಾಂಗ ಇರ್ತೀರಿ?"

"ಕಲಾ ಅಂದ್ರ ಹಂಗss," ಎಂದು ಹಾವಗೆಪ್ಪ ಕೈ ಮೇಲೆತ್ತಿದ.

ಆ ತಿಂಗಳು ಅವನು ಹೇಳಿದ ಪಿಚ್ಚರು ಅವನ ಜೀವಮಾನದ ಮಹಾಕೃತಿ. ಮೊದಲ ಕಾಲು ತಾಸು ನಿಜವಾಗಿ ಕಂಡಿದ್ದ: ಗಂಡ ಯುದ್ಧಕ್ಕೆ ಹೋಗುತ್ತಾನೆ, ಹೆಂಡತಿ ದಿನಾ ಕಿಟಕಿಯಲ್ಲಿ ದೀಪ ಇಡುತ್ತಾಳೆ. ಉಳಿದದ್ದು ಸ್ವಂತದ್ದು. ಯುದ್ಧ ಮುಗಿಯುತ್ತದೆ, ಗಂಡ ಒಂದು ಕಾಲು ಕಳೆದುಕೊಂಡು ಬಿಳಿಯ ಕುದುರೆ ಏರಿ ಬರುತ್ತಾನೆ.

"ಒಂದ ಕಾಲಿನಾಂವ ಕುದುರಿ ಹ್ಯಾಂಗ ಹತ್ತಿದೋ?" ಎಂದು ಗುರಮ್ಮ ಕೂಗಿದಳು.

"ಕುದುರಿ ಕೂತು ಹತ್ತಿಸ್ಕೊಂತವ್ವಾ!" ಎಂದು ಹಾವಗೆಪ್ಪ ಎರಡರಷ್ಟು ಕೂಗಿದ. ಪಿಚ್ಚರಿಗೆ ಹದಿನಾರಾಣೆ ಕೊಟ್ಟ. ಹಿಂದೆಂದೂ ಯಾವುದಕ್ಕೂ ಕೊಟ್ಟಿರಲಿಲ್ಲ.

ಆಗ ಗೋಡೆಯ ಆಚೆಯಿಂದ ದನಿ ಬಂತು. "ಭಾಯಿಸಾಬ, ಆ ಪಿಚ್ಚರ್ ನನಗೂ ನೋಡ್ಬೇಕ್ರಿ."

ಎರಡು ವರ್ಷದಿಂದ ಓಣಿ ದಾಟದ ಹೆಂಗಸು. ಸುಂದರಬಾಯಿಗೆ ಕಣ್ಣಲ್ಲಿ ನೀರೇ ಬಂತು. "ಹೋಗೋಣು ಬೇಗಂ, ಅತ್ತಿನೂ ಕರ್ಕೊಂಡು ಹೋಗೋಣು," ಎಂದಳು. ಹಾವಗೆಪ್ಪನಿಗೆ ಕುದುರೆ ಒದ್ದಂತಾಯಿತು. ಆ ಗಂಡ ನಿಜವಾಗಿ ಬರುತ್ತಾನೋ ಇಲ್ಲವೋ ಅವನಿಗೇ ಗೊತ್ತಿಲ್ಲ. ಬರದೇ ಹೋದರೆ, ಅವಳು ಅದನ್ನು ಕಣ್ಣಾರೆ ನೋಡಬೇಕಾಗುತ್ತದೆ.

"ಬೀದರ್ದಾಗ ಸಿಡುಬು ಎದ್ದದಂತ," ಎಂದ. ಯಾರೂ ನಂಬಲಿಲ್ಲ. ಟಾಕೀಸಿನ ಯಂತ್ರ ಸುಟ್ಟಿದೆ ಎಂದ. ಕುರ್ಚಿಗಳಲ್ಲಿ ತಿಗಣೆ ಎಂದ (ಇದು ಸತ್ಯ). ಕಡೆಗೆ ಪಿಚ್ಚರಿನ ದರ್ಜೆಯನ್ನೇ ನಾಲ್ಕಾಣೆಗೆ ಇಳಿಸಿದ.

"ನಿನ್ನಿ ಹದಿನಾರಾಣೆ ಅಂದ್ರಿ," ಎಂದಳು ಸುಂದರಬಾಯಿ. "ರಾತ್ರಿ ಬೆಳಗಾಗೋದ್ರಾಗ ಹನ್ನೆರಡಾಣೆ ಇಲಿ ತಿಂತೇನು?"

ಶುಕ್ರವಾರ ನಾಲ್ವರೂ ಬೀದರಿಗೆ ಹೋದರು. ಟಾಕೀಸಿನ ಬಾಗಿಲಲ್ಲಿ ನಿಲ್ಲುವ ಮಕ್ಬೂಲನನ್ನು ಹಾವಗೆಪ್ಪ ಪಕ್ಕಕ್ಕೆ ಕರೆದು ಪಿಸುಗುಟ್ಟಿದ: "ಕಡೀಕ ಗಂಡ ಬರ್ತಾನೇನೋ?"

"ನೀವss ನೋಡಿ ಹೋಗೀರಲ್ರಿ ಶೇಠಜಿ!" ಎಂದು ಮಕ್ಬೂಲ ಜೋರಾಗಿ ನಕ್ಕ.

ಹೆಂಗಸರು ಪರದೆಯ ಆಚೆ, ತಮಗೆಂದೇ ಇದ್ದ ಜನಾನಾಕ್ಕೆ ಹೋದರು. ದೀಪ ಆರಿದ ಮೇಲೆ ಆ ಪರದೆ ಸರಿಯಿತು. ಹಾವಗೆಪ್ಪ ಎಚ್ಚರವಿರಲು ನಶ್ಯದ ಚಿಟಿಕೆ ಹಿಡಿದು ಕೂತಿದ್ದ, ಆದರೆ ಅದನ್ನು ಏರಿಸುವ ಅಗತ್ಯ ಬೀಳಲಿಲ್ಲ. ಹೆದರಿಕೆಯೇ ಅವನನ್ನು ಎಚ್ಚರವಾಗಿಟ್ಟಿತು. ಕಿಟಕಿಯ ದೀಪ ಉರಿಯಿತು, ಹಾಡಾಯಿತು, ಯುದ್ಧ ಮುಗಿಯಿತು. ಬಾರಪ್ಪಾ, ನಡಕೊಂಡಾದರೂ ಬಾ, ಎಂದು ಹಾವಗೆಪ್ಪ ಮನಸ್ಸಿನಲ್ಲೇ ಬೇಡಿಕೊಂಡ. ಬಂದವನು ಒಬ್ಬ ಸಿಪಾಯಿ. ಅವನ ಕೈಯಲ್ಲಿ ಗಂಡನ ಟೋಪಿ ಇತ್ತು. ಹೆಂಡತಿ ಟೋಪಿ ತೆಗೆದುಕೊಂಡಳು, ದೀಪ ಊದಿದಳು, ಪಿಚ್ಚರು ಮುಗಿಯಿತು.

ನಿಶ್ಶಬ್ದವಾದ ಟಾಕೀಸಿನಲ್ಲಿ ಒಬ್ಬನೇ ಒಬ್ಬ ಗಂಡಸು ಹೋ ಎಂದು ಅತ್ತ. ನಶ್ಯ ಹಿಡಿದ ಕೈಯಲ್ಲೇ ಕಣ್ಣೊರೆಸಿಕೊಂಡದ್ದರಿಂದ ಅಳುವಿನ ಬೆನ್ನಿಗೆ ಹನ್ನೊಂದು ಸೀನು ಬಂದವು. ಜನ ಸಿಳ್ಳೆ ಹೊಡೆದರು. ಜನಾನಾದಿಂದ ಮಾತ್ರ ಯಾವ ಸದ್ದೂ ಬರಲಿಲ್ಲ.

ಗಾಡಿಯಲ್ಲಿ ಬೀದರ ದಾಟುವ ತನಕ ಸುಂದರಬಾಯಿ ಬಾಯಿ ಬಿಗಿಹಿಡಿದಿದ್ದಳು. ಆಮೇಲೆ ಶುರುವಾಯಿತು.

"ಎಲ್ಲಿ ಅದ ರೀ ನಿಮ್ಮ ಕುದುರಿ?"

"ಅವತ್ತ ಬ್ಯಾರೆ ರೀಲ್ ಹಾಕಿದ್ರು," ಎಂದ ಹಾವಗೆಪ್ಪ.

"ಒಂದು ಪಿಚ್ಚರಿಗಿ ಎರಡು ಕಡಿ ಇರ್ತಾವೇನು? ಪಾಪ, ಆ ಜೀವ ಎಷ್ಟ ಆಸಿಲಿಂದ ಬಂದಿತ್ತು..."

"ಅಕ್ಕಾ, ಅವರಿಗಿ ಬೈಬ್ಯಾಡ್ರಿ," ಎಂದಳು ಬುರ್ಖಾದೊಳಗಿಂದ ಮಹಮೂದಾ ಬೇಗಂ. "ಭಾಯಿಸಾಬ ಮಲಗ್ತಾರಂತ ನನಗ ಗೊತ್ತದ. ಮೊದಲಿಂದೂ ಗೊತ್ತದ. ನಮ್ಮವರು ಮನಿಗಿ ಬಂದು ಹೇಳ್ತಿದ್ರು: ಇವತ್ತೂ ಹಾವಗೆಪ್ಪ ಮಲಗಿದ, ನಾ ಗಾಡ್ಯಾಗ ಎಲ್ಲಾ ಹೇಳೀನಿ, ನಾಳಿ ಕೇಳು, ಹ್ಯಾಂಗ ಹೊಡಿತಾನ ನೋಡು ಅಂತ. ಗ್ವಾಡಿ ಆಚಿ ಇಬ್ಬರೂ ಕೂತು ಬಾಯಿಗಿ ಸೆರಗು ಹಿಡ್ಕೊಂಡು ನಗ್ತಿದ್ವಿ."

ಹಾವಗೆಪ್ಪನಿಗೆ ಕಿಟಕಿಯಿಂದ ಹಾರಿಬಿಡೋಣ ಅನ್ನಿಸಿತು. "ಮತ್ತ ಈ ಎರಡು ವರ್ಷ ಯಾಕ ಕೇಳಿದ್ರಿ ಭಾಬಿ?"

"ಅವರು ಹೋದ ಮ್ಯಾಲ ಬಂದ ಗಂಡಂದಿರೆಲ್ಲಾ ನೀವss ಕರ್ಕೊಂಡು ಬಂದವರು. ಪ್ರತಿ ತಿಂಗಳು ಈ ಸಲ ಹ್ಯಾಂಗ ತರ್ತಾರ ಅಂತ ಕೇಳ್ತಿದ್ದೆ." ಕಿಟಕಿಯ ಕಡೆ ತಿರುಗಿದಳು. "ಬರದೇ ಇದ್ದದ್ದೂ ಒಮ್ಮೆ ನೋಡ್ಬೇಕಾಗಿತ್ರಿ. ನೋಡ್ದೆ. ಸಾಕು. ಇನ್ನ ಮ್ಯಾಲ ನೀವು ಎಚ್ಚರ ಇರಬ್ಯಾಡ್ರಿ, ಮಲಗ್ರಿ."

ಮುಂದಿನ ತಿಂಗಳು ಹಾವಗೆಪ್ಪ ಮಲಗುವ ಸಂಕಲ್ಪ ಮಾಡಿಯೇ ಬೀದರಿಗೆ ಹೋದ. ಹೊಟ್ಟೆ ಬಿರಿಯುವಂತೆ ಉಂಡ. ದೀಪ ಆರಿತು. ಗದ್ದವನ್ನು ಎದೆಗೆ ತಂದು ಕಣ್ಣು ಮುಚ್ಚಿದ. ನಿದ್ದೆ ಬರಲಿಲ್ಲ. ತಿವಿದು ಎಬ್ಬಿಸುವವನಿದ್ದಾಗ ಬರುತ್ತಿದ್ದ ನಿದ್ದೆ, ಅವನು ಹೋದ ಮೇಲೂ ರೂಢಿಯಿಂದ ಎರಡು ವರ್ಷ ಬಂದಿತ್ತು. ಈಗ ಅದೂ ಹೋಯಿತು. ಪಾಪಿ ಮೂರು ತಾಸು ಪೂರ್ತಿ ನೋಡಿದ. ಅದು ನಗೆಯ ಪಿಚ್ಚರು. ಕಡೆಗೆ ಕಳೆದುಹೋದ ಗಂಡ ತಾನಾಗಿಯೇ, ಕೈಯಲ್ಲಿ ಚೀಲ ಹಿಡಿದು, ಬಾಗಿಲು ತಟ್ಟಿ ಒಳಗೆ ಬಂದ. ಯಾರೂ ಕರೆತಂದದ್ದಲ್ಲ.

ಮರುದಿನ ಹಿತ್ತಿಲಲ್ಲಿ ಅದನ್ನು ಕಂಡಂತೆ, ಒಂದಕ್ಷರ ಸೇರಿಸದೆ ಹೇಳಿದ.

"ಸುಳ್ಳು!" ಎಂದಳು ಸುಂದರಬಾಯಿ.

"ಬಸವಣ್ಣನಾಣಿ, ಖರೇನ ಬಂದ!"

"ಖರೇ ಇರಬೇಕ್ರಿ ಅಕ್ಕಾ," ಎಂದಿತು ಗೋಡೆಯ ಆಚೆಯ ದನಿ. "ಬರೇ ಬಾಗಲಾ ತಟ್ಟಿ ಬಂದ ಅಂದ್ರು. ಭಾಯಿಸಾಬ ಕಟ್ಟಿದ್ದಾದ್ರ ಇಷ್ಟ ಬಡವಾಗಿ ತರ್ತಿದ್ದಿಲ್ಲ." ಆಮೇಲೆ ಮೆತ್ತಗೆ ಕೇಳಿದಳು, "ನಿದ್ದಿ ಬರ್ಲಿಲ್ಲೇನ್ರಿ?"

"ಇಲ್ಲ ಭಾಬಿ."

"ನನಗೂ ಬರಂಗಿಲ್ರಿ."

ಇದೇನೂ ಕೇಳಿಸದ ಗುರಮ್ಮ ಮಗನ ಮೊಣಕಾಲು ಅಲುಗಿಸಿದಳು. "ಏ ಹಾವಗ್ಯಾ, ಈ ಸಲನಾರ ಕುದುರಿ ಬಂತೋ ಇಲ್ಲೋ?"

ಹಾವಗೆಪ್ಪ ಗೋಡೆಯ ಕಡೆ ನೋಡಿದ. ಗಂಟಲು ಸರಿ ಮಾಡಿಕೊಂಡ.

"ಬಂತವ್ವಾ," ಎಂದು ಕೂಗಿದ. "ಎರಡು ಬಂದ್ವು. ಒಂದರ ಮ್ಯಾಲ ಅಂವ, ಇನ್ನೊಂದರ ಮ್ಯಾಲ ಅವನ ಹೊಲಿಗಿ ಮಿಶನ್ನು."

"ಸುರು ಆತು ನೋಡ್ರಿ ಮತ್ತ," ಎಂದಳು ಸುಂದರಬಾಯಿ, ಆದರೆ ಸೆರಗಿನಿಂದ ಕಣ್ಣೊರೆಸಿಕೊಂಡು ಹತ್ತಿರ ಸರಿದು ಕೂತಳು.