ಮಾವನ ಡಬ್ಬಿ ಪಥ್ಯ

ಊಟ ಬಿಟ್ಟು ದಪ್ಪಗಾದವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ನನ್ನ ಸೋದರಮಾವ!

ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ಕಾಲ. ಇಡೀ ರಾಜ್ಯಕ್ಕೆ ಇಬ್ಬರೇ ಮಂತ್ರಿಗಳು. ಮಾವನ ಹೊಟ್ಟೆಗೊಂದು ಖಾತೆ ಮಾಡಿದ್ದರೆ ಮೂರನೆಯವರು ಬೇಕಾಗುತ್ತಿತ್ತು! ಕರಿಕೆಯ ತೋಟವೊಂದರಲ್ಲಿ ಅವರು ಲೆಕ್ಕ ಬರೆಯುವ ರೈಟರ್. ಹಿಂದಿನ ವರ್ಷ ತುಲಾ ಸಂಕ್ರಮಣಕ್ಕೆ ಭಾಗಮಂಡಲದಿಂದ ತಲಕಾವೇರಿಗೆ ಹತ್ತುವಾಗ, ಅರ್ಧ ದಾರಿಯಲ್ಲೇ ಏದುಸಿರು ಬಿಡುತ್ತಾ ಕೂತುಬಿಟ್ಟರು. ಜೊತೆಗೆ ಅತ್ತೆಯೂ ಕೂತರು. ತೀರ್ಥ ಉಕ್ಕುವುದನ್ನು ಒಮ್ಮೆಯಾದರೂ ಕಣ್ಣಾರೆ ನೋಡಬೇಕೆಂಬುದು ಅತ್ತೆಯ ಬಹುಕಾಲದ ಆಸೆ, ಅದು ತಪ್ಪಿಹೋಯಿತು. ಮಾವ ಬಹಳ ನೊಂದರು. ಬರುವ ಸಂಕ್ರಮಣದೊಳಗೆ ಮೈ ಕರಗಿಸಿ ಹೆಂಡತಿಯನ್ನು ಮೇಲಕ್ಕೆ ಕರೆದೊಯ್ಯುತ್ತೇನೆಂದು ಶಪಥ ಮಾಡಿದರು.

ತೋಟದ ದೊರೆ ಒಂದು ಡಬ್ಬಿ ಪುಡಿ ಕೊಟ್ಟು, ಕೆಲವು ವಾರ ಊಟದ ಬದಲು ಇದನ್ನೇ ಹಾಲಿನಲ್ಲಿ ಕಲಸಿ ಕುಡಿ ಎಂದರಂತೆ. ಮಾವ ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದರು. ಆದರೆ ಮಾವನ ಪ್ರಕಾರ ಊಟವೆಂದರೆ ಅನ್ನ. ಮಿಕ್ಕಿದ್ದೆಲ್ಲ ತಿಂಡಿ! ಮಧ್ಯಾಹ್ನ ಒಂದು ಲೋಟ ಪುಡಿ ಕುಡಿದು, ಮೀಸೆ ಒರೆಸಿಕೊಂಡು, ಹಂದಿ ಸಾರಿನ ಜೊತೆ ಕಡಂಬುಟ್ಟಿನ ಉಂಡೆಗಳಿಗೆ ಕೈ ಹಾಕಿದರು.

"ಮಾವ, ಪಥ್ಯ ಎಲ್ಲಿ ಹೋಯ್ತು?"

"ಇದ್ ಪಥ್ಯವೇ! ಅನ್ನ ಎಲ್ಲಿ ಉಟ್ಟು, ತೋರ್ಸ್ ನೋಡುವ!"

"ಉಂಡೆ ಅಕ್ಕಿದಲ್ವಾ?"

"ಅಕ್ಕಿ ಬೇರೆ, ಅನ್ನ ಬೇರೆ. ಇಷ್ಟ್ ಓದಿಯೂ ನಿಂಗೆ ಗೊತ್ತಿಲ್ಲೆ!"

ನೆಂಟರ ಮನೆಗೂ ಡಬ್ಬಿ ಕಂಕುಳಲ್ಲಿ ಹೊರಟಿತು. ನಮ್ಮಲ್ಲಿ ಮನೆಗೆ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸುವುದುಂಟೇ? "ಪಾಪ, ಊಟ ಬಿಟ್ಟ ಮನುಷ್ಯ" ಎಂದು ಮರುಗಿ, ಮನೆಮನೆಯಲ್ಲೂ ಅಕ್ಕಿಯದೇ ನೂಲ್‌ಪುಟ್ಟು, ಪಾಪುಟ್ಟು, ರೊಟ್ಟಿಗಳನ್ನು ಎರಡರಷ್ಟು ಬಡಿಸಿದರು. ಮಾವ ಯಾರ ಮನಸ್ಸನ್ನೂ ನೋಯಿಸಲಿಲ್ಲ.

ಸಂಕ್ರಮಣ ಬಂತು. ಮಾವನ ಕಪ್ಪು ನಿಲುವಂಗಿಯ ಮೇಲೆ ಸೊಂಟಕ್ಕೆ ಕಟ್ಟುವ ರೇಷ್ಮೆ ದಟ್ಟಿಗೆ ಗಂಟು ಹಾಕಲು ತುದಿಯೇ ಉಳಿಯಲಿಲ್ಲ! "ಬಟ್ಟೆ ಕುಗ್ಗಿ ಹೋಯ್ತ್" ಎಂದರು ಮಾವ.

ಆ ವರ್ಷ ತೀರ್ಥೋದ್ಭವ ಹಗಲಿನಲ್ಲೇ ಇತ್ತು. ನಾನೂ ಜೊತೆಗಿದ್ದೆ. ಅದೇ ತಿರುವು, ಅದೇ ಕಲ್ಲು. ಮಾವ ಎದೆ ಹಿಡಿದುಕೊಂಡು ಕುಸಿದು ಕೂತರು. ಕಣ್ಣು ತುಂಬಿತ್ತು.

"ನೀ ಹೋಗ್ ಮಾರಾಯ್ತಿ. ಈ ಸಲ ಆದ್ರೂ ನೋಡಿ ಬಾ."

ಅತ್ತೆ ಸೆರಗಿನಿಂದ ಅವರ ಮುಖ ಒರೆಸಿದರು. ಉಸಿರು ಹದಕ್ಕೆ ಬಂದ ಮೇಲೆ ಪಕ್ಕದಲ್ಲೇ ಕೂತು, ಬಾಳೆಲೆಯ ಕಟ್ಟು ಬಿಚ್ಚಿ ದೋಸೆ ಮುರಿದುಕೊಟ್ಟರು.

"ತಿನ್ನಿ, ಇದ್ ಊಟ ಅಲ್ಲ. ಕಾವೇರಮ್ಮ ಮೇಲೆಯೇ ಕೂತಿರುದಿಲ್ಲೆ, ಹೇಗೂ ಕೆಳಗೆ ಬರುದೇ. ನಿಮ್ಮನ್ನ ದಾರೀಲಿ ಬಿಟ್ಟ್ ಹೋದ್ರೆ ನಂಗೆ ಎಂಥ ತೀರ್ಥ?"

ಅಷ್ಟರಲ್ಲಿ ಮೇಲಿನಿಂದ ಜನರ ಜಯಕಾರ ಕೇಳಿಸಿತು. ಅತ್ತೆ ಎದ್ದು ಬೆಟ್ಟದ ಕಡೆ ತಿರುಗಿ ಕಣ್ಣುಮುಚ್ಚಿ ಕೈಮುಗಿದರು.

ಮಾವ ದೋಸೆಯನ್ನು ಕೆಳಗಿಟ್ಟು, ಅತ್ತೆಗೆ ಕೈಮುಗಿದರು.