ಗುಳ್ಳೆ ಎದ್ದ ಹಾಳೆ, ಮಾತಾಡೋ ಮಿಷಿನ್ನು

ಕಣ್ಣು ಕಾಣದ ಮಕ್ಕಳ ಮನೆಗೇ ಹೋಗಿ ಪಾಠ ಹೇಳೋ ಕೆಲಸ ನಂದು. ದುರ್ಗದಲ್ಲಿ ಬಸ್ಸು ಹತ್ತಿದರೆ ಒಂದು ದಿನ ಹೊಸದುರ್ಗದ ಕಡೆ, ಒಂದು ದಿನ ಹಿರಿಯೂರು, ಇನ್ನೊಂದು ದಿನ ಹೊಳಲ್ಕೆರೆ. ಈ ಕೆಲಸದಲ್ಲಿ ಬಸ್ಸು ತಪ್ಪುತ್ತೆ, ಊಟ ತಪ್ಪುತ್ತೆ, ನಿದ್ದೆಯೂ ತಪ್ಪುತ್ತೆ. ಇಂಥ ಪ್ರಸಂಗ ಮಾತ್ರ ಒಂದೂ ತಪ್ಪೋದಿಲ್ಲ.

ಇಸ್ತ್ರಿ

ತೊಂಬತ್ತರ ದಶಕದ ಮಾತು. ಹೊಸದುರ್ಗದ ಹತ್ತಿರದ ಹಳ್ಳಿಯಲ್ಲಿ ಒಬ್ಬ ಶಿಷ್ಯ. ಅವನ ವಿಜ್ಞಾನದ ಪಾಠವನ್ನ ನಾನೇ ಬ್ರೈಲಿಗೆ ಇಳಿಸಬೇಕಿತ್ತು. ದಪ್ಪ ಹಾಳೆಯಲ್ಲಿ ಮೊಳೆಯಂಥ ಕಡ್ಡಿಯಿಂದ ಒಂದೊಂದೇ ಚುಕ್ಕಿ ಚುಚ್ಚಬೇಕು. ಹಿಂದುಗಡೆ ಉಬ್ಬಿದ ಚುಕ್ಕಿಗಳೇ ಅಕ್ಷರ, ಬೆರಳಲ್ಲಿ ಸವರಿ ಓದೋದು. ವಾರವಿಡೀ ಚುಚ್ಚಿ ನನ್ನ ಹೆಬ್ಬೆರಳು ಬಾತುಕೊಂಡಿತ್ತು. ಹಾಳೆ ಕೊಟ್ಟು ಬಂದೆ. ಮುಂದಿನ ಸಲ ಹೋದಾಗ ಅವರಜ್ಜಿ ಬಾಗಿಲಲ್ಲೇ ಹಿಡಿದರು.

"ಎಂಥಾ ಹಾಳೆ ತಂದುಕೊಟ್ಟಿದ್ರಿ ಮೇಷ್ಟ್ರೇ? ಅಂಗಡಿಯೋನು ನಿಮಗೆ ಟೋಪಿ ಹಾಕ್ಯಾನೆ. ಮೈತುಂಬ ಗುಳ್ಳೆ!"

"ಅದು ಗುಳ್ಳೆ ಅಲ್ಲಜ್ಜಿ..."

"ಈಗ ಇಲ್ಲ ಬಿಡ್ರಿ. ತಂಬಿಗೇಗೆ ಕೆಂಡ ತುಂಬಿ ಒಂದೊಂದನ್ನೂ ಇಸ್ತ್ರಿ ಮಾಡೀನಿ. ಬರ್ರಿ, ಕುಂತ್ಕಳ್ರಿ."

ಹುಡುಗ ಹಾಳೆಗಳ ಮೇಲೆ ಬೆರಳಾಡಿಸಿದ. ಆಮೇಲೆ ಬಲು ಖುಷಿಯಿಂದ ಹೇಳಿದ: "ಸಾರ್, ಪಾಠ ಮುಗೀತು!"

ಕ್ಯಾಸೆಟ್ಟು

ಹೆಬ್ಬೆರಳು ಉಳಿಸಿಕೊಳ್ಳೋಕೆ ಕ್ಯಾಸೆಟ್ಟು ಹಿಡಿದೆ. ನಾನು ಪಾಠ ಓದಿ ರೆಕಾರ್ಡ್ ಮಾಡಿ ಕೊಟ್ಟರೆ ಮಕ್ಕಳು ಮನೆಯಲ್ಲೇ ಕೇಳಿ ಕಲೀಬಹುದು. ಬಬ್ಬೂರಿನಲ್ಲಿ ಕುರಿ ಸಾಕೋರ ಮನೆಯ ಹುಡುಗಿಗೆ ಸಮಾಜದ ಪಾಠ ಕೊಟ್ಟಿದ್ದೆ.

"ಕೇಳಿದೆಯೇನವ್ವ?"

"ಕ್ಯಾಸೆಟ್ಟು ನನ್ನ ಕೈಗೇ ಸಿಗಲ್ಲ ಸಾರ್."

ಅವರಮ್ಮ ತೊಟ್ಟಿಲು ತೂಗುತ್ತಾ ಹೇಳಿದರು: "ನೀವು ಗ್ರಾಮ ಪಂಚಾಯ್ತಿ ಅಂತ ಶುರು ಮಾಡಿದ್ರೆ ಸಾಕು ಸಾರ್, ಈ ಕೂಸು ತಟ್ಟನೆ ಮಲಗ್ತೈತೆ. ಪಕ್ಕದ ಮನೆಯೋರೂ ಇಸ್ಕಂಡು ಹೋಗ್ತಾರೆ. ಅವರ ಮಾವಗೆ ನಿದ್ದೆ ಹತ್ತಲ್ವಂತೆ."

ನಾನು ಏನೋ ಹೇಳೋಕೆ ಬಾಯಿ ತೆರೆದೆ. ಹುಡುಗಿಯ ಅಪ್ಪ ಗಾಬರಿಯಾಗಿ ಕೈ ಮುಗಿದ.

"ಸ್ವಲ್ಪ ತಡೀರಿ ಸಾರ್. ನಾನು ಕುರಿ ಹೊಡ್ಕಂಡು ಹೋಗಬೇಕು. ಈಗ ನಿದ್ದೆ ಬಂದ್ರೆ ಕಷ್ಟ."

ಆರಿಸಿದ ಟಿವಿ

ಎರಡು ಸಾವಿರ ಇಸವಿ ದಾಟಿದ ಮೇಲೆ ಕಂಪ್ಯೂಟರು ಬಂತು. ಆಫೀಸುಗಳಿಗೆ ಓಡಾಡಿ, ಕಾಡಿ ಬೇಡಿ, ಹೊಳಲ್ಕೆರೆಯ ಹೈಸ್ಕೂಲು ಹುಡುಗಿಯೊಬ್ಬಳ ಮನೆಗೆ ಸರ್ಕಾರದಿಂದ ಒಂದು ಕೊಡಿಸಿದೆ. ಪರದೆ ಮೇಲಿರೋದನ್ನೆಲ್ಲ ಅದು ಇಂಗ್ಲಿಷಿನಲ್ಲಿ ಓದಿ ಹೇಳುತ್ತೆ, ಅವಳು ಹೆಡ್‌ಫೋನಿನಲ್ಲಿ ಕೇಳಿಸಿಕೊಳ್ಳುತ್ತಾಳೆ. ಫೋನಿನ ತಂತಿಯಲ್ಲೇ ಇಂಟರ್‌ನೆಟ್ಟು. ಮೈಸೂರಿನ ಟೀಚರೊಬ್ಬರು ಅಲ್ಲಿಂದ ಟೈಪ್ ಮಾಡಿ ಪಾಠ ಹೇಳೋರು, ಇವಳು ಟೈಪ್ ಮಾಡಿ ಉತ್ತರ ಕೊಡೋಳು. ನಡುವೆ ಯಾರಾದರೂ ಫೋನ್ ಎತ್ತಿದರೆ ಪಾಠ ಕಟ್. ಆದರೂ ಹುಡುಗಿ ಚಿಗುರಿಕೊಂಡಿದ್ದಳು.

ಬಳಸದೆ ಬಿದ್ದಿರೋ ಕಂಪ್ಯೂಟರನ್ನ ವಾಪಸ್ ಒಯ್ಯೋಕೆ ಅಂತ ಒಂದು ದಿನ ಸಾಹೇಬರೊಬ್ಬರು ಬಂದರು. ಪಾಠ ನಡೀತಿತ್ತು. ಹುಡುಗಿಗೆ ಪರದೆ ಬೇಡವಲ್ಲ, ಸುಮ್ಮನೆ ಕರೆಂಟು ಯಾಕೆ ಅಂತ ಅವರಪ್ಪ ಅದನ್ನ ಆರಿಸಿಟ್ಟಿದ್ದ.

"ಏನ್ರೀ ಮೇಷ್ಟ್ರೇ, ಟಿವಿ ಕೆಟ್ಟು ಕೂತಿದೆ?"

"ಕೆಟ್ಟಿಲ್ಲ ಸಾರ್, ಆರಿಸೀವಿ" ಅಂದೆ.

"ಆರಿಸಿದ್ರೆ ಆ ಮಗೂಗೆ ಹೆಂಗ್ರೀ ಕಾಣುತ್ತೆ?"

ನಾನು ಕುರ್ಚಿ ಹುಡುಕಿದೆ. ನಿಂತುಕೊಂಡು ಉತ್ತರ ಕೊಡೋ ಪ್ರಶ್ನೆ ಅಲ್ಲ ಅದು. ಹುಡುಗಿ ಅಷ್ಟು ಹೊತ್ತಿಗೆ ಏನೋ ಟೈಪ್ ಮಾಡಿ ಮುಗಿಸಿ, ಇತ್ತ ತಿರುಗಿದಳು.

"ಹಚ್ಚಿದ್ರೂ ನಂಗೆ ಕಾಣಲ್ಲ ಸಾರ್. ನಾನು ಕಿವೀಲಿ ಓದ್ತೀನಿ. ಇದನ್ನ ಒಯ್ಬ್ಯಾಡ್ರಿ."

"ಕಿವೀಲಿ ಓದೋದಾ? ಎಲ್ಲಿ, ನಾನೂ ಕೇಳ್ತೀನಿ" ಅಂತ ಸಾಹೇಬರು ಹೆಡ್‌ಫೋನಿನ ವೈರನ್ನೇ ಕಿತ್ತರು. ಬೆಚ್ಚಿದ ಹುಡುಗಿಯ ಬೆರಳು ಯಾವುದೋ ಗುಂಡಿ ಒತ್ತಿತು. ಅವಳು ಆಗಷ್ಟೇ ಟೀಚರಿಗೆ ಕಳಿಸಿದ್ದನ್ನ ಸ್ಪೀಕರು ಮನೆ ತುಂಬ ಓದಿತು. ಇಂಗ್ಲಿಷು, ಅರ್ಥ ಇಷ್ಟು: "ಒಬ್ಬ ಆಫೀಸರು ಬಂದಿದ್ದಾರೆ ಮೇಡಂ. ಎಷ್ಟು ಹೇಳಿದರೂ ತಿಳೀತಿಲ್ಲ. ಸ್ವಲ್ಪ ತಾಳಿ."

ಪುಣ್ಯಕ್ಕೆ ಮಿಷಿನ್ನಿನದು ಮೂಗಿನಲ್ಲಿ ಆಡೋ ಪರದೇಶದ ಇಂಗ್ಲಿಷು. ಸಾಹೇಬರಿಗೆ ಹತ್ತಿದ್ದು ಒಂದೇ ಮಾತು.

"ಆಫೀಸರ್ ಅಂತಲ್ರೀ! ಏನಂತೆ ಅದು?"

"ಆಫೀಸರು ಬಂದವ್ರೆ, ಸ್ವಲ್ಪ ತಾಳ್ರಿ ಅಂತ ಮೈಸೂರಿಗೆ ಹೇಳ್ತೈತೆ ಸಾರ್" ಅಂದೆ.

ಸಾಹೇಬರು ಅಂಗಿ ಸರಿಮಾಡಿಕೊಂಡು ಆ ಕಪ್ಪು ಪರದೆಯನ್ನೇ ಗೌರವದಿಂದ ನೋಡಿದರು.

"ಇರಲಿ, ಇಲ್ಲೇ ಇರಲಿ. ಟಿವಿ ಆರಿಸಿದ್ರೂ ನಾನು ಬಂದದ್ದು ಅದಕ್ಕೆ ಕಾಣ್ತಲ್ರೀ!"